ಬೋನಸ್ ಇನಾಮಲ್ಲ, ಪಾಲು

ಶಿಫ್ಟು, ಓವರ್‌ಟೈಮು, ಲಾಕೌಟು, ಗೇಟ್‌ಪಾಸು. ಇಂಗ್ಲಿಷಿನಿಂದ ಬಂದು ನಮ್ಮ ಗಿರಣಿಗಳಲ್ಲಿ ಮನೆಮಾತಾಗಿರುವ ಪದಗಳು ಅನೇಕ. ಇವುಗಳ ಅರ್ಥದ ವಿಷಯದಲ್ಲಿ ಯಾರಿಗೂ ಜಗಳವಿಲ್ಲ. ಲಾಕೌಟ್ ಎಂದರೆ ಬೀಗ ಬಿತ್ತು ಎಂದು ಮಾಲೀಕರಿಗೂ ಗೊತ್ತು, ಕಾರ್ಮಿಕರಿಗೂ ಗೊತ್ತು. ಆದರೆ ‘ಬೋನಸ್’ ಎಂಬ ಪದ ಮಾತ್ರ ನಮ್ಮ ದೇಶದ ಗಿರಣಿಗಳಿಗೆ ಕಾಲಿಟ್ಟು ನೂರು ವರ್ಷ ಕಳೆದರೂ ಇನ್ನೂ ವ್ಯಾಜ್ಯದಲ್ಲಿಯೇ ಇದೆ. ಕಾರ್ಮಿಕ ಅದನ್ನು ತನ್ನ ಪಾಲು ಎನ್ನುತ್ತಾನೆ. ಮಾಲೀಕ ಅದನ್ನು ತಾನು ಖುಷಿಯಿಂದ ಕೊಡುವ ಇನಾಮು ಎನ್ನುತ್ತಾನೆ. ಇದು ಪಂಡಿತರು ನಿಘಂಟು ಮುಂದಿಟ್ಟುಕೊಂಡು ತೀರಿಸಬೇಕಾದ ಜಗಳವೆಂದು ಯಾರೂ ತಿಳಿಯಬಾರದು. ಪದದ ಅರ್ಥವನ್ನು ಯಾರು ಗೊತ್ತುಮಾಡುತ್ತಾರೋ ಅವರೇ ದೀಪಾವಳಿಯ ಬಟವಾಡೆಯ ಮೊತ್ತವನ್ನೂ ಗೊತ್ತುಮಾಡುತ್ತಾರೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 1965ರಿಂದ ಜಾರಿಯಲ್ಲಿದ್ದ ಬೋನಸ್ ಪಾವತಿ ಕಾಯಿದೆಯ ಜಾಗದಲ್ಲಿ 2019ರ ವೇತನ ಸಂಹಿತೆಯನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಜಾರಿಗೆ ತಂದಿದೆ. ಹಳೆಯ ಕಾಯಿದೆಯ ಹೆಸರಿನಲ್ಲಿಯೇ ಬೋನಸ್ ಇತ್ತು. ಈಗ ಅದು ದೊಡ್ಡದೊಂದು ಸಂಹಿತೆಯ ಒಂದು ಅಧ್ಯಾಯ ಮಾತ್ರ. ಮನೆ ಬದಲಾಯಿಸುವಾಗ ಸಾಮಾನು ಕಳೆದುಹೋಗುವುದುಂಟು. ಏನು ಬಂದಿದೆ, ಏನು ಬಂದಿಲ್ಲ ಎಂದು ಎಣಿಸಿಕೊಳ್ಳಬೇಕಾದರೆ ಮೊದಲು ಪದಾರ್ಥ ಯಾವುದೆಂಬುದು ಗೊತ್ತಿರಬೇಕು.

ಬೋನಸ್ ಎಂಬುದು ಮೂಲದಲ್ಲಿ ಲ್ಯಾಟಿನ್ ಭಾಷೆಯ ಪದ. ‘ಒಳ್ಳೆಯ’ ಎಂದಷ್ಟೇ ಅದರ ಅರ್ಥ. ಅದನ್ನು ಹಣದ ಅರ್ಥದಲ್ಲಿ ಬಳಕೆಗೆ ತಂದವರು ಹದಿನೆಂಟನೆಯ ಶತಮಾನದ ಲಂಡನ್ನಿನ ಷೇರುಪೇಟೆಯ ದಲ್ಲಾಳಿಗಳು. ಕಾರ್ಮಿಕನ ಮೇಲಿನ ಕರುಣೆಯಿಂದ ಹುಟ್ಟಿದ ಪದ ಇದಲ್ಲ. ಹಣವುಳ್ಳವರು ತಮ್ಮತಮ್ಮೊಳಗೆ ಹಂಚಿಕೊಳ್ಳುವ ‘ಒಳ್ಳೆಯದಕ್ಕೆ’ ಇಟ್ಟುಕೊಂಡ ಹೆಸರು. ಹುಟ್ಟಿದ ಮನೆಯಲ್ಲಿ ಇದಕ್ಕೆ ಯಾವ ಅರ್ಥವಿದೆ ಎಂಬುದನ್ನು ಮೊದಲು ನೋಡೋಣ.

ಕಂಪನಿಗಳು ತಮ್ಮ ಷೇರುದಾರರಿಗೆ ಬೋನಸ್ ಷೇರು ಕೊಡುತ್ತವೆ. ಇವು ಎಲ್ಲಿಂದ ಬರುತ್ತವೆ? ಹಿಂದಿನ ವರ್ಷಗಳ ಲಾಭದಲ್ಲಿ ಹಂಚದೆ ಉಳಿಸಿದ ಮೀಸಲು ನಿಧಿಯನ್ನೇ ಬಂಡವಾಳವಾಗಿ ಬದಲಾಯಿಸಿ ಆ ಷೇರುಗಳನ್ನು ಕೊಡುತ್ತಾರೆ. ಷೇರುದಾರ ತನ್ನದೇ ಆಗಿದ್ದುದನ್ನು ಮತ್ತೊಂದು ಹೆಸರಿನಲ್ಲಿ ಪಡೆಯುತ್ತಾನೆ. ಕಂಪನಿ ನನಗೆ ದಾನ ಮಾಡಿತೆಂದು ಯಾವ ಷೇರುದಾರನೂ ಕೈಮುಗಿಯುವುದಿಲ್ಲ.

1956ರಲ್ಲಿ ಸ್ಥಾಪನೆಯಾದ ಜೀವ ವಿಮಾ ನಿಗಮದ ಪಾಲಿಸಿಗಳನ್ನು ನಮ್ಮ ವರ್ತಕ ಮಿತ್ರರಲ್ಲಿ ಅನೇಕರು ಮಾಡಿಸಿದ್ದಾರೆ. ಲಾಭಸಹಿತ ಪಾಲಿಸಿಗೆ ಪ್ರತಿ ವರ್ಷ ಬೋನಸ್ ಸೇರುತ್ತದೆ. ಆದರೆ ಅದೇ ಮೊತ್ತದ ಲಾಭರಹಿತ ಪಾಲಿಸಿಗಿಂತ ಇದರ ಕಂತು ಮೊದಲಿನಿಂದಲೂ ಹೆಚ್ಚು. ಪಾಲಿಸಿದಾರ ಕಟ್ಟಿದ ಹಣದಿಂದಲೇ ಹುಟ್ಟಿದ ಹೆಚ್ಚುವರಿಯಲ್ಲಿ ಅವನ ಪಾಲು ಅವನಿಗೆ ಹಿಂದಿರುಗುತ್ತದೆ. ಅದನ್ನು ನಿಗಮದ ಔದಾರ್ಯವೆಂದು ಯಾರೂ ಕರೆಯುವುದಿಲ್ಲ.

ಕಿರಾಣಿ ಅಂಗಡಿಯವರನ್ನು ಕೇಳಿ. ನೂರು ಪೆಟ್ಟಿಗೆ ಸಾಬೂನು ಎತ್ತಿದರೆ ಐದು ಪೆಟ್ಟಿಗೆ ಬೋನಸ್ ಎಂದು ಕಂಪನಿಯ ಏಜೆಂಟ್ ಹೇಳಿದಾಗ ವರ್ತಕ ಏನು ಮಾಡುತ್ತಾನೆ? ನೂರರ ಹಣವನ್ನು ನೂರೈದಕ್ಕೆ ಹಂಚಿ ತನ್ನ ಅಸಲು ಬೆಲೆ ಎಷ್ಟೆಂದು ಅಲ್ಲಿಯೇ ಲೆಕ್ಕ ಹಾಕುತ್ತಾನೆ. ಆ ಐದು ಪೆಟ್ಟಿಗೆ ಬಾರದೆ ಹೋದರೆ ‘ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ’ ಎಂದು ಸುಮ್ಮನಿರುವುದಿಲ್ಲ. ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾನೆ. ಅವನು ಮಾಡುವುದು ನ್ಯಾಯವೇ.

ದೊಡ್ಡವರ ಉದಾಹರಣೆ ಬೇಕಾದರೆ ಅಮೆರಿಕದ ಎಐಜಿ ಎಂಬ ವಿಮಾ ಸಂಸ್ಥೆಯನ್ನು ನೋಡಬಹುದು. ದಿವಾಳಿಯಾಗುತ್ತಿದ್ದ ಅದನ್ನು 2008ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕರ ಹಣದಿಂದ ಉಳಿಸಿತು. ಮರುವರ್ಷ ಮಾರ್ಚಿಯಲ್ಲಿ, ನಷ್ಟಕ್ಕೆ ಕಾರಣವಾದ ವಿಭಾಗದ ನೌಕರರಿಗೇ ಆ ಸಂಸ್ಥೆ ಸುಮಾರು 16.5 ಕೋಟಿ ಡಾಲರು ಬೋನಸ್ ಹಂಚಿತು. ಜನ ಕೆರಳಿ ಕೇಳಿದಾಗ ಬಂದ ಉತ್ತರವಿಷ್ಟೆ: ಇದು ಕರಾರಿನಲ್ಲಿದೆ, ಕೊಡದೆ ವಿಧಿಯಿಲ್ಲ. ಲಾಭವಿರಲಿ, ಕಂಪನಿಯೇ ಮುಳುಗಿದ್ದರೂ ದೊಡ್ಡ ಸಂಬಳದವರ ಬೋನಸ್ ಹಕ್ಕಾಯಿತು.

ಅಂದರೆ ಹಣವುಳ್ಳವರ ಬಾಯಲ್ಲಿ ಬೋನಸ್ ಎಂಬುದು ಪಾಲು, ಕರಾರು, ತನ್ನದೇ ಹಣದ ವಾಪಸಾತಿ. ದುಡಿಯುವವನ ಕೈಗೆ ಬರುವಾಗ ಮಾತ್ರ ಅದೇ ಪದ ಇನಾಮಾಗುತ್ತದೆ, ಬಕ್ಷೀಸಾಗುತ್ತದೆ.

ಈ ಆಟ ನಮ್ಮ ದೇಶದಲ್ಲಿ ಮಾತ್ರ ನಡೆದದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ಸೈನಿಕರಿಗೆ, ಅವರು ಯುದ್ಧಕಾಲದಲ್ಲಿ ಕಳೆದುಕೊಂಡ ಸಂಪಾದನೆಯನ್ನು ಸರಿದೂಗಿಸಲು 1924ರಲ್ಲಿ ಒಂದು ಕಾನೂನಾಯಿತು. ಕಾನೂನಿನ ಹೆಸರಿನಲ್ಲಿಯೇ ‘ಸರಿದೂಗಿಸಿದ ಪರಿಹಾರ’ ಎಂಬ ಮಾತಿತ್ತು. ಆದರೆ ಊರೆಲ್ಲ ಅದನ್ನು ‘ಬೋನಸ್’ ಎಂದೇ ಕರೆಯಿತು. ಹಣ ಕೈಗೆ ಬರಬೇಕಾದದ್ದು 1945ಕ್ಕೆ. ಮಹಾಕುಸಿತದಲ್ಲಿ ಹೊಟ್ಟೆಗಿಲ್ಲದ ಸಾವಿರಾರು ಮಾಜಿ ಸೈನಿಕರು 1932ರಲ್ಲಿ, ನಮಗೆ ಸಲ್ಲಬೇಕಾದದ್ದನ್ನು ಈಗಲೇ ಕೊಡಿ ಎಂದು ವಾಷಿಂಗ್‌ಟನ್ನಿಗೆ ಬಂದು ಗುಡಿಸಲು ಹಾಕಿ ಕುಳಿತರು. ಜುಲೈ 28ರಂದು ಪೊಲೀಸರ ಗುಂಡಿಗೆ ಇಬ್ಬರು ಬಿದ್ದರು. ಟ್ಯಾಂಕು, ಅಶ್ರುವಾಯುಗಳೊಡನೆ ಸೈನ್ಯ ಬಂದು ಗುಡಿಸಲುಗಳನ್ನು ತೆರವು ಮಾಡಿತು. ಕೊನೆಗೆ 1936ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟರ ವಿರೋಧವನ್ನೂ ಮೀರಿ, ಅಲ್ಲಿನ ಕಾಂಗ್ರೆಸ್ಸು ಹಣ ಕೊಡಲು ಕಾನೂನು ಮಾಡಿತು. ಬಾಕಿಯನ್ನು ಬೋನಸ್ ಎಂದು ಕರೆದರೆ ಕೇಳುವವನು ಸಾಲಗಾರನ ಮುಂದೆ ನಿಂತ ಧಣಿಯಂತೆ ಕಾಣುವುದಿಲ್ಲ, ಬಾಗಿಲಲ್ಲಿ ನಿಂತ ಭಿಕ್ಷುಕನಂತೆ ಕಾಣುತ್ತಾನೆ.

ಒಂದೇ ಹೆಸರು, ಎರಡು ಅಳತೆ ಎಂಬ ಈ ಮೋಸ ಕನ್ನಡ ನಾಡಿಗೂ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದಕ್ಕೆ ಮೂಲ ಕಾರಣಗಳಲ್ಲೊಂದು ಗೇಣಿ ಅಳೆಯುವ ಕೊಳಗ. ಹೆಸರಿಗೆ ಕೊಳಗವೇ. ಆದರೆ ಗೇಣಿ ಅಳೆದುಕೊಳ್ಳುವಾಗ ಒಡೆಯರು ಹಿಡಿಯುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಹೆಸರು ಒಂದಾದ ಮೇಲೆ ಅಳತೆಯೂ ಒಂದಾಗಬೇಕು ಎಂದು ರೈತರು ಹಟ ಹಿಡಿದರು. ಡಾ. ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಬೋನಸ್ ಎಂಬ ಪದವೂ ಅಂಥದೇ ಒಂದು ಕೊಳಗ. ಷೇರುದಾರನಿಗೆ ಅಳೆಯುವಾಗ ಒಂದು, ಕಾರ್ಮಿಕನಿಗೆ ಅಳೆಯುವಾಗ ಇನ್ನೊಂದು.

ಇನ್ನು ನಮ್ಮ ದೇಶದ ಗಿರಣಿಗಳಿಗೆ ಈ ಪದ ಬಂದ ಬಗೆಯನ್ನು ನೋಡೋಣ. 1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಡಿಯಿತು. ನೇಕಾರರು ಊರು ಬಿಟ್ಟು ಹೋಗದಂತೆ ತಡೆಯಲು ಗಿರಣಿ ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಕೆಲವು ಕಡೆ ಅದು ಕೂಲಿಯ ಶೇಕಡಾ 70-80ರಷ್ಟಿತ್ತು. ಪ್ಲೇಗು ಇಳಿದೊಡನೆ ಅದನ್ನು ನಿಲ್ಲಿಸಲು ಹೊರಟರು. ಆದರೆ ಯುದ್ಧಕಾಲದ ಬೆಲೆಗಳು ಇಳಿದಿರಲಿಲ್ಲ. ಅನಸೂಯಾ ಸಾರಾಭಾಯಿಯವರೂ ಗಾಂಧೀಜಿಯವರೂ ಕಾರ್ಮಿಕರ ಪಕ್ಷದಲ್ಲಿ ನಿಂತರು. ಅನಸೂಯಾಬೆನ್ ಅವರ ತಮ್ಮ ಅಂಬಾಲಾಲರೇ ಮಾಲೀಕರ ಪಕ್ಷದ ಮುಖಂಡರು. ಶೇಕಡಾ 35 ಏರಿಕೆ ಬೇಕೆಂದು ಕಾರ್ಮಿಕರು, 20ಕ್ಕಿಂತ ಇಲ್ಲವೆಂದು ಮಾಲೀಕರು. 1918ರ ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗ ಬಿತ್ತು. ಮಾರ್ಚಿ 15ರಿಂದ ಗಾಂಧೀಜಿ ಉಪವಾಸ ಕುಳಿತರು. ಮೂರು ದಿನಗಳಲ್ಲಿ ಒಪ್ಪಂದವಾಗಿ, ಮುಂದೆ ಪಂಚರ ತೀರ್ಪಿನಲ್ಲಿ 35 ದೊರೆಯಿತು. ತಮಗೆ ಬೇಕಾದಾಗ ಕೊಟ್ಟು ಬೇಡವಾದಾಗ ಕಿತ್ತುಕೊಳ್ಳುವುದು ಮಾಲೀಕರ ‘ಬೋನಸ್’. ಬೆಲೆಗೆ ತಕ್ಕ ಕೂಲಿ ಎಂಬುದು ಕಾರ್ಮಿಕರ ಉತ್ತರ.

ಮುಂಬಯಿಯಲ್ಲಿಯೂ ಹೀಗೆಯೇ ಆಯಿತು. ಯುದ್ಧದ ನಂತರದ ಲಾಭದ ವರ್ಷಗಳಲ್ಲಿ ಅಲ್ಲಿನ ಗಿರಣಿಗಳು ವರ್ಷಕ್ಕೊಂದು ತಿಂಗಳ ಪಗಾರವನ್ನು ಬೋನಸ್ಸಾಗಿ ಕೊಟ್ಟವು. 1923ರ ಬೋನಸ್ ಇಲ್ಲವೆಂದೊಡನೆ 1924ರ ಆರಂಭದಲ್ಲಿ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ನಾರ್ಮನ್ ಮ್ಯಾಕ್‌ಲಿಯಾಡರ ಸಮಿತಿ ವಿಚಾರಣೆ ನಡೆಸಿ, ಕಾರ್ಮಿಕರಿಗೆ ರೂಢಿಯ, ಕಾನೂನಿನ ಅಥವಾ ನ್ಯಾಯಧರ್ಮದ ಯಾವ ಹಕ್ಕೂ ಇದರ ಮೇಲಿಲ್ಲವೆಂದು ಬರೆಯಿತು. ಇನಾಮಿನ ಅರ್ಥ ಅಂದು ಗೆದ್ದಿತು.

ಆದರೆ ಅದೇ ಕೊನೆಯಾಗಲಿಲ್ಲ. 1950ರಲ್ಲಿ ಮುಂಬಯಿಯ ಗಿರಣಿ ವ್ಯಾಜ್ಯದಲ್ಲಿಯೇ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಲಿಯ ಪೂರ್ಣಪೀಠ ಒಂದು ಸೂತ್ರ ಹಾಕಿಕೊಟ್ಟಿತು. ಲಾಭದಿಂದ ಸವಕಳಿ, ತೆರಿಗೆ, ಯಂತ್ರಗಳ ದುರಸ್ತಿ-ಬದಲಾವಣೆಯ ಬಾಬ್ತು, ಬಂಡವಾಳಕ್ಕೆ ನ್ಯಾಯವಾದ ಪ್ರತಿಫಲ ಇವನ್ನು ಕಳೆದು ಉಳಿಯುವ ಹೆಚ್ಚುವರಿಯಲ್ಲಿ ಕಾರ್ಮಿಕನಿಗೂ ಪಾಲಿದೆ ಎಂಬುದು ಅದರ ತಿರುಳು. 1955ರಲ್ಲಿ ಸುಪ್ರೀಂ ಕೋರ್ಟು ಮ್ಯೂರ್ ಮಿಲ್ಸ್ ಮೊಕದ್ದಮೆಯಲ್ಲಿ, ಬೋನಸ್ ಎಂಬುದು ಕೇವಲ ಕೊಡುಗೆಯಲ್ಲ, ಹಾಗೆಯೇ ತಡೆಹಿಡಿದ ಕೂಲಿಯೂ ಅಲ್ಲ ಎಂದಿತು. ಜೀವನಕ್ಕೆ ಸಾಲುವ ಕೂಲಿ ಇಲ್ಲದಿರುವಲ್ಲಿ, ಉದ್ಯಮ ಲಾಭ ಮಾಡಿರುವಲ್ಲಿ, ಕಾರ್ಮಿಕನ ಹಕ್ಕು ಹುಟ್ಟುತ್ತದೆ ಎಂದು ಹೇಳಿತು. ಬಳಿಕ 1961ರಲ್ಲಿ ನೇಮಕವಾದ ಮೆಹರ್ ಆಯೋಗದ ವರದಿಯ ಮೇಲೆ 1965ರ ಕಾಯಿದೆ ಬಂತು. ಲಾಭವಾಗಲಿ ನಷ್ಟವಾಗಲಿ ಕೂಲಿಯ ಶೇಕಡಾ 4 ಅಥವಾ 40 ರೂಪಾಯಿ ಕನಿಷ್ಠ, ಶೇಕಡಾ 20 ಗರಿಷ್ಠ ಎಂದಾಯಿತು. ನಷ್ಟದ ವರ್ಷದಲ್ಲಿಯೂ ಕೊಡಬೇಕಾದದ್ದನ್ನು ಇನಾಮು ಎನ್ನಲು ಸಾಧ್ಯವೇ? ಕಾರ್ಮಿಕರು ನಲವತ್ತು ವರ್ಷ ಹೋರಾಡಿ ಪದದ ಅರ್ಥವನ್ನೇ ತಿರುಗಿಸಿದ್ದರು.

1972ರಲ್ಲಿ ಕನಿಷ್ಠ ಬೋನಸ್ ಶೇಕಡಾ 8.33ಕ್ಕೆ ಏರಿತು. ಈ ವಿಚಿತ್ರ ಅಂಕಿಯ ಅರ್ಥ ಸರಳ: ಹನ್ನೆರಡರಲ್ಲಿ ಒಂದು ಪಾಲು, ಅಂದರೆ ವರ್ಷಕ್ಕೆ ಒಂದು ತಿಂಗಳ ಕೂಲಿ. 1975ರ ಸೆಪ್ಟೆಂಬರಿನಲ್ಲಿ, ತುರ್ತುಪರಿಸ್ಥಿತಿಯ ಮರೆಯಲ್ಲಿ, ಸುಗ್ರೀವಾಜ್ಞೆಯ ಮೂಲಕ ಈ ಖಾತ್ರಿಯನ್ನು ಕಿತ್ತುಹಾಕಲಾಯಿತು. ಹೆಚ್ಚುವರಿ ಇದ್ದರಷ್ಟೇ ಬೋನಸ್ ಎಂಬ ಹಳೆಯ ವಾದ ಮತ್ತೆ ತಲೆಯೆತ್ತಿತು. 1977ರಲ್ಲಿ ಜನತಾ ಸರ್ಕಾರ ಬಂದ ಮೇಲೆ 8.33 ಮರಳಿತು. ಬಾಯಿ ಕಟ್ಟಿದ ಕಾಲದಲ್ಲಿ ಬೋನಸ್ ಇಳಿಯಿತು, ಬಾಯಿ ಬಿಟ್ಟ ಕಾಲದಲ್ಲಿ ಏರಿತು ಎಂಬುದನ್ನು ಕಾರ್ಮಿಕ ಬಂಧುಗಳು ಮರೆಯಬಾರದು.

ರೈಲ್ವೆ ಕಾರ್ಮಿಕರ ಕಥೆಯನ್ನೂ ಇಲ್ಲಿ ನೆನೆಯಬೇಕು. 1974ರ ಮೇ 8ರಂದು, ಮಂಗಳೂರಿನಲ್ಲಿ ಹುಟ್ಟಿದ ಸಮಾಜವಾದಿ ಮುಖಂಡ ಜಾರ್ಜ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ದೇಶದ ರೈಲುಗಳು ನಿಂತಾಗ ಮುಂದಿಟ್ಟ ಬೇಡಿಕೆಗಳಲ್ಲಿ ಬೋನಸ್ಸೂ ಒಂದು. ರೈಲ್ವೆ ಲಾಭದ ಅಂಗಡಿಯಲ್ಲ, ಆದ್ದರಿಂದ ಬೋನಸ್ ಎಂಬ ಪದವೇ ಅಲ್ಲಿಗೆ ಸಲ್ಲದು ಎಂದು ಸರ್ಕಾರ ವಾದಿಸಿತು. ಸಹಸ್ರಾರು ಜನ ಜೈಲು ಸೇರಿದರು, ಕೆಲಸ ಕಳೆದುಕೊಂಡರು. ಇಪ್ಪತ್ತು ದಿನಗಳೊಳಗೆ ಮುಷ್ಕರ ಹಿಂತೆಗೆದುಕೊಳ್ಳಬೇಕಾಯಿತು. ಆದರೆ 1979ರಲ್ಲಿ ಅದೇ ರೈಲ್ವೆಗೆ ‘ಉತ್ಪಾದಕತೆಯ ಬೋನಸ್’ ಬಂತು. ಸಲ್ಲದೆಂದ ಪದ ಐದೇ ವರ್ಷದಲ್ಲಿ ಸಂದಿತು.

ಹೀಗೆ ಸಂಪಾದಿಸಿದ ಅರ್ಥ ಹೊಸ ಸಂಹಿತೆಯಲ್ಲಿ ಎಷ್ಟು ಉಳಿದಿದೆ? ನ್ಯಾಯವಾಗಿ ಹೇಳಬೇಕಾದರೆ, ವರ್ಷದಲ್ಲಿ 30 ದಿನ ದುಡಿದವನಿಗೆ ಬೋನಸ್, ಕನಿಷ್ಠ ಎಂಟೂ ಒಂದನೇ ಮೂರು, ಗರಿಷ್ಠ 20 ಎಂಬ ಚೌಕಟ್ಟು ಹಾಗೆಯೇ ಇದೆ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂಬ ನಿಯಮವೂ ಇದೆ. ಮಾರ್ಚಿಗೆ ಲೆಕ್ಕ ಮುಗಿಸುವ ಗಿರಣಿಗೆ ನವೆಂಬರ್ ಕೊನೆಯೇ ಗಡುವು. ಆದರೆ ಎರಡು ಕಡೆ ಕೊಳಗ ಬದಲಾಗಿದೆ.

ಮೊದಲನೆಯದು: ಹಳೆಯ ಕಾಯಿದೆ ‘ಪ್ರತಿಯೊಂದು ಕಾರ್ಖಾನೆಗೂ’ ಅನ್ವಯಿಸುತ್ತಿತ್ತು. ವಿದ್ಯುತ್ ಬಳಸಿ ಹತ್ತು ಜನ ದುಡಿಯುವ ಕಡೆಯೂ 1948ರ ಕಾಯಿದೆಯ ಪ್ರಕಾರ ಕಾರ್ಖಾನೆಯೇ. ಹೊಸ ಸಂಹಿತೆಯ ಬೋನಸ್ ಅಧ್ಯಾಯ ಇಪ್ಪತ್ತು ಜನರಿರುವಲ್ಲಿಗೆ ಮಾತ್ರ. ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಹತ್ತಿ ಜಿನ್ನಿಂಗ್ ಗಿರಣಿಗಳಲ್ಲಿ ಹತ್ತರಿಂದ ಹತ್ತೊಂಬತ್ತು ಜನ ದುಡಿಯುವಲ್ಲಿ ಕಾನೂನಿನ ಆಸರೆ ತಪ್ಪಿತು. ಎರಡನೆಯದು: ಎಷ್ಟು ಸಂಬಳದವರೆಗಿನವರಿಗೆ ಬೋನಸ್ ಎಂಬ ಅಂಕಿ ಹಿಂದೆ ಕಾಯಿದೆಯಲ್ಲಿಯೇ ಇತ್ತು. 2015ರ ತಿದ್ದುಪಡಿಯಿಂದ ಅದು ತಿಂಗಳಿಗೆ 21,000 ರೂಪಾಯಿ. ಲೆಕ್ಕ ಹಾಕಲು ಹಿಡಿಯುವ ಕೂಲಿ 7,000 ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದು. 7,000ದ ಮೇಲೆ ವರ್ಷಕ್ಕೆ ಕನಿಷ್ಠ ಬೋನಸ್ಸೂ ಸುಮಾರು 7,000 ಎಂದು ಕಾರ್ಮಿಕ ಬೆರಳೆಣಿಸಿ ಹೇಳಬಹುದಿತ್ತು. ಹೊಸ ಸಂಹಿತೆಯಲ್ಲಿ ಈ ಮಿತಿಗಳನ್ನು ಸರ್ಕಾರದ ಅಧಿಸೂಚನೆಗೆ ಬಿಡಲಾಗಿದೆ. ಶಾಸನ ಸಭೆಯಲ್ಲಿ ಚರ್ಚೆಯಾಗಿ ಬದಲಾಗಬೇಕಾದದ್ದು ಇನ್ನು ಕಚೇರಿಯ ಕಾಗದದಲ್ಲಿ ಬದಲಾಗಬಹುದು.

ಕಾನೂನು ಹಿಂದೆ ಸರಿದ ಜಾಗಕ್ಕೆ ಮತ್ತೊಂದು ಲ್ಯಾಟಿನ್ ಮಾತು ನುಗ್ಗುತ್ತದೆ. ಅದು ‘ಎಕ್ಸ್‌ಗ್ರೇಷಿಯಾ’. ‘ಕೃಪೆಯಿಂದ’ ಎಂದು ಅದರ ಅರ್ಥ. ಹಬ್ಬದ ಮುಂಚೆ ಹಣ ಕೊಟ್ಟು ವೋಚರಿನ ಮೇಲೆ ಈ ಪದ ಬರೆದು ಸಹಿ ಹಾಕಿಸಿಕೊಂಡರೆ, ಮೊತ್ತ ಬೋನಸ್ಸಿನಷ್ಟೇ ಇದ್ದರೂ ಕಾರ್ಮಿಕ ಪಡೆದದ್ದು ಕೃಪೆ ಎಂದು ಕಾಗದ ಸಾಕ್ಷಿ ನುಡಿಯುತ್ತದೆ. ಮರುವರ್ಷ ಕೃಪೆ ಬತ್ತಿದರೆ ಕೇಳಲು ಆಧಾರವಿರುವುದಿಲ್ಲ. ಆದ್ದರಿಂದ ವೋಚರಿನಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳದೆ ಯಾರೂ ಸಹಿ ಹಾಕಬಾರದು, ಹೆಬ್ಬೆಟ್ಟು ಒತ್ತಬಾರದು. ಯಾವ ವರ್ಷದ ಬೋನಸ್, ಶೇಕಡಾ ಎಷ್ಟು, ಎಷ್ಟು ಕೂಲಿಯ ಮೇಲೆ, ಈ ಮೂರನ್ನು ಕನ್ನಡದಲ್ಲಿ ಬರೆಯಿರಿ ಎಂದು ಸಂಘದ ಮೂಲಕ ಕೇಳಬೇಕು. ಜನಕ್ಕೆ ತಿಳಿಯದ ಭಾಷೆಯಲ್ಲಿ ನಡೆಯುವ ಆಡಳಿತ ಜನರನ್ನು ಹೊರಗಿಡುತ್ತದೆ ಎಂದು ಲೋಹಿಯಾ ಹೇಳುತ್ತಿದ್ದುದು ಇಂಥ ಕಾಗದಗಳಿಗೂ ಸಲ್ಲುತ್ತದೆ.

ನಮ್ಮ ವರ್ತಕ ಓದುಗರ ಸಂಶಯ ನಮಗೆ ಗೊತ್ತಿದೆ. ಅಂಗಡಿಯಲ್ಲಿ ಇಬ್ಬರು ಮೂವರು ಹುಡುಗರನ್ನಿಟ್ಟುಕೊಂಡು, ಉದ್ರಿ ವಸೂಲಾಗದೆ ಒದ್ದಾಡುವವರ ಮೇಲೆ ಇನ್ನೊಂದು ಹೊರೆಯೇ ಎಂದು ಅವರು ಕೇಳಬಹುದು. ಕಾನೂನು ಅವರನ್ನು ಹಿಂದೆಯೂ ಹಿಡಿದಿರಲಿಲ್ಲ, ಈಗಲೂ ಹಿಡಿದಿಲ್ಲ. ನಾವೂ ಅದನ್ನು ಕೇಳುತ್ತಿಲ್ಲ. ಹತ್ತು ಜನರ ಸಣ್ಣ ಗಿರಣಿ ನಷ್ಟದಲ್ಲಿದ್ದರೆ ಏನು ಗತಿ ಎಂಬ ಪ್ರಶ್ನೆಯಲ್ಲಿಯೂ ಹುರುಳಿದೆ. ಆದರೆ ನಷ್ಟದ ವರ್ಷದಲ್ಲಿ ಬ್ಯಾಂಕಿನ ಬಡ್ಡಿಯನ್ನೂ ವಿದ್ಯುತ್ ಬಿಲ್ಲನ್ನೂ ಕಟ್ಟಡದ ಬಾಡಿಗೆಯನ್ನೂ ಯಾರೂ ಮನ್ನಾ ಮಾಡುವುದಿಲ್ಲ. ಎಲ್ಲರ ಬಾಕಿಯೂ ಬಾಕಿಯೇ, ದುಡಿದವನದು ಮಾತ್ರ ಕೃಪೆ ಎನ್ನುವುದು ಯಾವ ಲೆಕ್ಕ? ಅಷ್ಟೇ ಅಲ್ಲ, ಗಿರಣಿಯಲ್ಲಿ ಬಟವಾಡೆಯಾದ ಬೋನಸ್ ಅಲ್ಲಿಯೇ ಉಳಿಯುವುದಿಲ್ಲ. ಜವಳಿ ಅಂಗಡಿಗೆ, ಪಾತ್ರೆ ಅಂಗಡಿಗೆ, ಕಿರಾಣಿಯ ಉದ್ರಿ ಪುಸ್ತಕಕ್ಕೆ ಅದೇ ವಾರ ಬಂದು ಸೇರುತ್ತದೆ. ಬೋನಸ್ ಇಲ್ಲದ ದೀಪಾವಳಿ ಪೇಟೆಯಲ್ಲಿಯೂ ಕತ್ತಲೆಯೇ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಹತ್ತು ಜನರಿರುವ ಗಿರಣಿಗಳಿಗೂ ಬೋನಸ್ಸಿನ ಹಕ್ಕು ಮರಳಬೇಕು. ಸಂಬಳದ ಮಿತಿಯ ಅಂಕಿ ಅಧಿಸೂಚನೆಯಿಂದ ಕಾನೂನಿನ ಪುಟಕ್ಕೆ ಹಿಂದಿರುಗಬೇಕು. ಬೋನಸ್ಸಿನ ಲೆಕ್ಕ ಕನ್ನಡದಲ್ಲಿ ಗಿರಣಿಯ ಹಲಗೆಯ ಮೇಲೆ ಬೀಳಬೇಕು. ಗುತ್ತಿಗೆದಾರ ಕೊಡದೆ ಹೋದರೆ ಗಿರಣಿಯ ಮಾಲೀಕನೇ ಹೊಣೆ ಎಂಬುದನ್ನು ಕಾರ್ಮಿಕ ಇಲಾಖೆ ಕಾಗದದಲ್ಲಿಡದೆ ನಡೆಸಿ ತೋರಿಸಬೇಕು.

ಇವು ಆಗುವವರೆಗೆ ಕಾರ್ಮಿಕ ಬಂಧುಗಳು ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಈ ವರ್ಷ ಬಟವಾಡೆಯ ಮೇಜಿನ ಮುಂದೆ ನಿಂತಾಗ ‘ಧಣಿಗಳು ಏನು ಕೊಡುತ್ತೀರಿ’ ಎಂದು ಕೇಳಬೇಡಿ. ‘ನಮ್ಮ ಪಾಲು ಎಷ್ಟಾಯಿತು, ಲೆಕ್ಕ ತೋರಿಸಿ’ ಎಂದು ಕೇಳಿ.